ಎಡಸುತ್ತು

ಕಂಬದ ಪಕ್ಕದ ಕುರ್ಚಿಯಲ್ಲಿ ಏನೋ ತಿರುಗಿದಂತಾಯಿತು, ಇಲ್ಲ, ಆಯಿಯ ಮಡಿಲಲ್ಲಿ ಕದರು ಸುಮ್ಮನೆ ಮಲಗಿದೆ, ಉಣ್ಣೆ ನೂಲುವ ಆ ಕಟ್ಟಿಗೆಯ ಕಡ್ಡಿ, ಅದರ ಮೇಲೆ ಕರಿ ನೂಲು ಇನ್ನೂ ಒಂದಿಷ್ಟು ಉಳಿದಿದೆ — ಅಷ್ಟೇ ಉಳಿದಿದೆ — ಮನೆಯಲ್ಲಿ ಬಿಟ್ಟು ಬಾ ಎಂದರೆ ಕೇಳದೆ ರಬಕವಿಯಿಂದ ಜಮಖಂಡಿಯ ತನಕ ಬಸ್ಸಿನಲ್ಲಿ ಎದೆಗವಚಿಕೊಂಡೇ ಬಂದಳು, ಅಪ್ಪ ತನ್ನ ಅವ್ವನ ಪಕ್ಕ ಕೂತು ನನ್ನತ್ತ ಕೈ ಎತ್ತುತ್ತಿದ್ದಾನೆ, ಮೈಕಿನಲ್ಲಿ ನನಗಿಂತ ಮುಂಚಿನ ಹುಡುಗಿಯ ಹೆಸರು, ಆಮೇಲೆ ನಾನು, ಇವತ್ತು ಗೆದ್ದರೆ ರಾಜ್ಯದ ಸ್ಕೇಟಿಂಗ್ ತಂಡ, ಸೋತರೆ ಮುಂದಿನ ವರ್ಷ ಈ ಗುಂಪಿಗೆ ನನ್ನ ವಯಸ್ಸು ದಾಟಿರುತ್ತದೆ, ಹೊರಗೆ ಕಬ್ಬಿನ ಟ್ರ್ಯಾಕ್ಟರೊಂದು ಹಾಡು ಹಚ್ಚಿಕೊಂಡು ಹೋಗುತ್ತಿದೆ, ಬಗ್ಗಿ ಕಾಲಿನ ಗಾಲಿಗಳ ಪಟ್ಟಿ ಬಿಗಿದುಕೊಳ್ಳುತ್ತೇನೆ.

ಎಡಕ್ಕ ತಿರುಗಬ್ಯಾಡ ಬೇ, ನೂಲಿನ ಹುರಿ ಬಿಚ್ಚತೈತಿ, ಅಂಗಳದಲ್ಲಿ ಮೊದಲ ಸಲ ಗಾಲಿ ಕಟ್ಟಿಕೊಂಡು ನಿಂತಾಗ ಆಯಿ ನನ್ನ ಭುಜ ಹಿಡಿದು ಬಲಕ್ಕೆ ತಿರುವಿದಳು, ಕದರನ್ನು ತಿರುವುತ್ತಾಳಲ್ಲ ಹಾಗೇ, ಬೀರಪ್ಪನ ಗುಡಿ ಸುತ್ತೂದೂ ಬಲಕ್ಕನ, ನೂಲೂ ಬಲಕ್ಕನ, ಎಂದು ಒಂದು ಎಳೆಯನ್ನು ಎಡಕ್ಕೆ ತಿರುವಿ ತೋರಿಸಿದಳು, ಎಳೆ ಉಬ್ಬಿತು, ಸಡಿಲವಾಯಿತು, ಬರೀ ಉಣ್ಣೆಯಾಗಿ ಅಂಗೈಯಲ್ಲಿ ಬಿದ್ದಿತು, ನೋಡಿದಿ? ಇದ್ದದ್ದ ಇಲ್ಲದಂಗಾತು. ನಾನು ಬಲಕ್ಕೇ ತಿರುಗಿದೆ, ವರ್ಷಗಟ್ಟಲೆ, ವರ್ಷಗಟ್ಟಲೆ ಬಿದ್ದೆ, ಬನಹಟ್ಟಿಯ ಮುಚ್ಚಿದ ಮಗ್ಗದ ಶೆಡ್ಡಿನಲ್ಲಿ ಸ್ಕೇಟಿಂಗ್ ಕಲಿಸುವ ಅಂಜನಾ ಮೇಡಂ ನನ್ನ ಮೊಣಕಾಲಿನ ಗಾಯ ನೋಡಿ, ನಿನ್ನ ಮೈ ಎಡಕ್ಕ ಬರೂದೈತಿ, ಬಲಕ್ಕ ಯಾರ ಕಲಿಸಿದ್ರವಾ ನಿನಗ, ಎಡಕ್ಕ ಜಿಗಿ ಒಮ್ಮೆ, ಎಂದರು — ಜಿಗಿದೆ, ಯಾರೋ ಎತ್ತಿ ಮೆಲ್ಲಗೆ ಇಳಿಸಿದಂತೆ ಇಳಿದೆ, ನಕ್ಕೆ, ಎಂಥ ಸುಖ ಅದು, ಮತ್ತೆ ಜಿಗಿದೆ, ಮತ್ತೆ. ಅವತ್ತು ಸಂಜೆ ಅಪ್ಪ ಹಿಪ್ಪರಗಿಯ ಮಾತೆತ್ತಿದ, ಆಯಿ ರೊಟ್ಟಿ ಮುರಿಯುತ್ತ, ಅದ್ಯಾವ ಊರಪಾ, ಎಂದಳು. ಅವಳ ತವರು ಅದು.

ಡಾಕ್ಟರು ವಯಸ್ಸಿನ ಮರೆವು ಅಂದಿದ್ದಾರೆ, ಇರಬಹುದು, ಡಾಕ್ಟರು ಕದರು ನೋಡಿಲ್ಲ, ನಾನು ಕೂತು ತಿರುಗುವುದನ್ನು ಕಲಿತ ವಾರ ಅವಳು ಗೋಡೆಯ ಫೋಟೋ ನೋಡಿ ಈ ರುಮಾಲಿನ ಹಿರ್ಯಾ ಯಾರ ಬೇ ಎಂದಳು, ಅಜ್ಜ ಗಿರಮಲ್ಲಪ್ಪ, ಗಂಡನ ಹೆಸರನ್ನು ಒಡಪಿನಲ್ಲಲ್ಲದೆ ಬಾಯಿಗೇ ತರದವಳು, ಈಗ ತರಬೇಕೆಂದರೂ ಇಲ್ಲ, ಎರಡು ಸುತ್ತಿನ ಜಿಗಿತ ಕೈಗೆ ಬಂದಾಗ ಅವಳ ನೆನಪಿನಿಂದ ಅಪ್ಪ ಹೋದ, ಡ್ಯೂಟಿ ಮುಗಿಸಿ ಒಳಗೆ ಬಂದವನಿಗೆ ಬರ್ರಿ, ಕುಂಡ್ರಿ, ಯಾವೂರವರ್ರಿ ನೀವು ಎಂದಳು, ಅಪ್ಪ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತ, ಆ ರಾತ್ರಿ ಕದರಿನ ನೂಲು ನೋಡಿದೆ, ಅರ್ಧ ಇಲ್ಲ, ಅವಳು ನೂಲದೆ ಎಷ್ಟು ದಿನವಾಯಿತೋ, ಯಾರೂ ಬಿಚ್ಚಿಲ್ಲ. ಉಳಿದವಳು ನಾನೊಬ್ಬಳೇ, ಇವತ್ತು ಮುಂಜಾನೆಯೂ ವೈಶಿ, ಚಾ ಕುಡದಿ? ಎಂದಳು, ಆ ವೈಶಿ ಅನ್ನುವುದಷ್ಟೇ ಉಳಿದಿದೆ, ಬೆರಳಿನ ಅಗಲದ ನೂಲು.

ವೈಶಾಲಿ ಪರಮೇಶ, ಮೈಕು ಕೂಗುತ್ತಿದೆ, ಬಲಕ್ಕೆ ತಿರುಗುತ್ತೇನೆ, ಬಿದ್ದರೆ ಬೀಳುತ್ತೇನೆ, ಆಣೆ, ಹಾಡು ಶುರುವಾಯಿತು, ಗಾಳಿ ಕಿವಿಗೆ ತಣ್ಣಗೆ, ಬಲಗಾಲು ಹಿಂದಕ್ಕೆ, ಮೈ ತಾನಾಗಿ ಹೋಯಿತು ಎಂದರೆ ಸುಳ್ಳಾಗುತ್ತದೆ, ನಾನೇ ಕಳಿಸಿದೆ, ಎಡಕ್ಕೆ, ಇಳಿದೆ, ಗಾಲಿ ಸದ್ದೇ ಮಾಡಲಿಲ್ಲ, ಜನರ ಚಪ್ಪಾಳೆ, ಇನ್ನು ಕೊನೆಯದು, ನಿಂತಲ್ಲೇ ಗರಗರ ತಿರುಗುವುದು, ಕಂಬ, ಅಪ್ಪ, ಆಯಿ, ಕದರು, ಕಂಬ, ಅಪ್ಪ, ಆಯಿ, ಕದರು — ಅದೂ ತಿರುಗುತ್ತಿದೆ, ನನ್ನ ಜೊತೆಗೇ, ಆಯಿಯ ಎರಡೂ ಕೈ ಮಡಿಲ ಆಚೆ ಇವೆ, ಅವಳ ತುಟಿ ವೈ ಎನ್ನುತ್ತಿದೆ, ಮುಂದಿನ ಸುತ್ತಿಗೆ ತುಟಿ ಬರೀ ತೆರೆದಿದೆ, ನಿಲ್ಲು, ನಿಲ್ಲಬೇಕು, ಇನ್ನೊಂದು ಸುತ್ತಿದೆ, ಚೆಂದ ಬರುತ್ತಿದೆ, ನಿಲ್ಲಲಿಲ್ಲ.

ಹಾಡು ಮುಗಿಯಿತು, ಅಂಜನಾ ಮೇಡಂ ಕುಣಿಯುತ್ತಿದ್ದಾರೆ, ಅಪ್ಪ ಎದ್ದು ನಿಂತಿದ್ದಾನೆ, ಕಂಬದ ಹತ್ತಿರ ಹೋದೆ, ಆಯಿ ನನ್ನ ಬೆವರಿದ ಮುಖ ನೋಡಿ ನಗುತ್ತಾಳೆ, ಕೈ ಚಾಚಿ ಗಲ್ಲ ಮುಟ್ಟುತ್ತಾಳೆ, ಛಲೋ ತಿರುಗಿದಿ ತಂಗಿ, ಯಾರ ಮಗಳವಾ ನೀ, ಅವಳ ಮಡಿಲಲ್ಲಿ ಕದರು, ನೂಲಿಲ್ಲದ ಬರೀ ಕಡ್ಡಿ, ಯಾರೂ ಮುಟ್ಟಿಲ್ಲ, ಇನ್ನೂ ತಿರುಗುತ್ತಿದೆ, ಎಡಕ್ಕೆ, ಬರೀ ಕಡ್ಡಿ, ಎಡಕ್ಕೆ