ನಾಲ್ಕನೇ ನಂಬರಿನ ಜೆರ್ಸಿ

ಕಾಲೇಜಿನ ಪುರುಷರ ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ಐವತ್ತು ತುಂಬಿದಾಗ ಅದರ ಚರಿತ್ರೆ ಬರೆಯುವ ಕೆಲಸ ಇತಿಹಾಸದ ಮೇಷ್ಟ್ರ ತಲೆಗೆ ಬಂತು. ಅವರು ಜನ್ಮದಲ್ಲಿ ಚೆಂಡು ಮುಟ್ಟಿದವರಲ್ಲ.

"ಬಿದ್ದುಹೋದ ಸಾಮ್ರಾಜ್ಯಗಳನ್ನೇ ಪಾಠ ಮಾಡ್ತೀರಂತೆ, ಇದೇನು ಮಹಾ," ಎಂದರು ಪ್ರಿನ್ಸಿಪಾಲರು.

ಮಾತು ಸುಳ್ಳಲ್ಲ. ಐವತ್ತು ವರ್ಷಗಳಲ್ಲಿ ತಂಡ ಗೆದ್ದದ್ದು ಒಂದೇ ಒಂದು ಕಪ್. ಉಳಿದ ನಲವತ್ತೊಂಬತ್ತು ವರ್ಷಗಳಿಗೆ ದಿಟ್ಟ ಹೋರಾಟ, ಕೂದಲೆಳೆಯ ಅಂತರ, ಪ್ರತಿಕೂಲ ಹವಾಮಾನ ಎಂದೆಲ್ಲ ಬರೆದು ಮೇಷ್ಟ್ರ ಪದಭಂಡಾರ ಬರಿದಾಯಿತು. ಹವಾಮಾನವನ್ನಂತೂ ಸೂರಿನಡಿ ಆಡಿದ ಪಂದ್ಯಗಳಿಗೂ ಬಳಸಿಬಿಟ್ಟಿದ್ದರು.

ನಿಜವಾದ ತಲೆನೋವು ಮನೆಯಲ್ಲಿತ್ತು. ಹೆಂಡತಿಯ ತಂದೆ ಬಸ್ ಡಿಪೋದ ಟೈಂಕೀಪರ್ ಆಗಿ ನಿವೃತ್ತರಾದವರು. ಓದಿದ್ದು ಇದೇ ಕಾಲೇಜಿನಲ್ಲಿ. ಆ ಒಂದೇ ಕಪ್ಪಿನ ಫೈನಲ್ಲಿನಲ್ಲಿ ಗೆಲುವಿನ ಬ್ಯಾಸ್ಕೆಟ್ ಹಾಕಿದ್ದು ತಾವೇ ಎಂದು ನಲವತ್ತೊಂದು ವರ್ಷಗಳಿಂದ ಹೇಳುತ್ತಿದ್ದರು. ಕಾಲೇಜಿನ ಫಲಕದಲ್ಲಿ ಮಾತ್ರ ಆ ಕೀರ್ತಿ ಅಂದಿನ ಕ್ಯಾಪ್ಟನ್ನನ ಹೆಸರಿಗಿತ್ತು. ಆ ಕ್ಯಾಪ್ಟನ್ ಈಗ ಆಡಳಿತ ಮಂಡಳಿಯ ಅಧ್ಯಕ್ಷರು.

"ಅಳಿಯಂದ್ರೇ, ಈಗ ಪೆನ್ನು ನಿಮ್ಮ ಕೈಲಿದೆ," ಎಂದರು ಮಾವ, ತಟ್ಟೆಯ ಮುಂದೆ ಕೂತು. "ಇನ್ನೇನೂ ಬೇಡ. ಹೆಸರು ಒಂದು ಬರಲಿ."

"ದಾಖಲೆ ಬೇಕಲ್ಲ ಮಾವ."

"ನಾನು ಇಲ್ಲೇ ಕೂತಿದ್ದೀನಲ್ಲ."

"ರೀ, ಬರೆದುಬಿಡಿ," ಎಂದಳು ಹೆಂಡತಿ. "ನಾನು ಹುಟ್ಟೋಕೆ ಮುಂಚಿನ ಬ್ಯಾಸ್ಕೆಟ್ ಅದು. ಇನ್ನೂ ನೆಲಕ್ಕೆ ಬಿದ್ದಿಲ್ಲ."

ಕ್ರೀಡಾ ಕೊಠಡಿಯಲ್ಲಿ ಹಳೇ ಚಾಪೆಗಳ ಕೆಳಗಿನಿಂದ ಮೇಷ್ಟ್ರು ಆ ವರ್ಷದ ಸ್ಕೋರ್ ಪುಸ್ತಕವನ್ನು ಎಳೆದು ತೆಗೆದರು. ಮಾವ ಹೇಳಿದ ಕಥೆ ಇಷ್ಟು: ತಂಡಕ್ಕೆ ಇದ್ದದ್ದು ಏಳು ಜೆರ್ಸಿ, ಹುಡುಗರು ಹನ್ನೊಂದು. ಹೊರಗೆ ಬರುವವನು ಬೆವರಿನ ಜೆರ್ಸಿ ಬಿಚ್ಚಿಕೊಟ್ಟರೆ ಒಳಗೆ ಹೋಗುವವನು ಅದನ್ನೇ ಹಾಕಿಕೊಳ್ಳುವುದು ತಂಡದ ಪದ್ಧತಿ. ಊರಿನ ಪಂದ್ಯಗಳಲ್ಲಿ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಫೈನಲ್ಲಿನಲ್ಲಿ ಕ್ಯಾಪ್ಟನ್ನನ ಮೂಗಿಗೆ ಮೊಣಕೈ ಬಿತ್ತು. ಅವನು ಬಚ್ಚಲಿಗೆ ಓಡಿದ. ಅವನ ನಾಲ್ಕನೇ ನಂಬರಿನ ಜೆರ್ಸಿ ತೊಟ್ಟು ಮಾವ ಇಳಿದರು. ಇಬ್ಬರೂ ಸಣಕಲು, ಇಬ್ಬರಿಗೂ ಚಿಗುರುಮೀಸೆ.

ಪುಸ್ತಕದಲ್ಲಿ ಎಲ್ಲವೂ ಇತ್ತು. 'ನಾಲ್ಕು ಹೊರಗೆ, ಮೂಗಿನಲ್ಲಿ ರಕ್ತ.' ಕೆಳಗೇ, 'ನಾಲ್ಕು ಒಳಗೆ.' ಅದರ ಕೆಳಗೆ, ನಾಲ್ಕರ ಎದುರು ಎರಡು ಅಂಕ. ನಾಲ್ಕರ ಒಳಗೆ ಯಾರಿದ್ದರು ಎಂಬುದು ಮಾತ್ರ ಇರಲಿಲ್ಲ.

ಮೇಷ್ಟ್ರು ಧೈರ್ಯ ಮಾಡಿ ಅಧ್ಯಕ್ಷರ ಬಳಿಗೇ ಹೋದರು. ಜಗಳಕ್ಕೆ ಸಿದ್ಧವಾಗಿ ಹೋದವರಿಗೆ ಜಗಳವೇ ಸಿಗಲಿಲ್ಲ.

"ಹಾಕಿದ್ದು ಅವನೇ ಕಣ್ರೀ," ಎಂದರು ಅಧ್ಯಕ್ಷರು. "ನಾನು ನಲ್ಲಿ ಕೆಳಗೆ ತಲೆ ಕೊಟ್ಕೊಂಡು ನಿಂತಿದ್ದೆ. ಚಪ್ಪಾಳೆ ಕೇಳಿಸ್ತು, ಅಷ್ಟೇ."

"ಹಾಗಾದ್ರೆ ಬರೀಲಾ ಸಾರ್?"

"ಧಾರಾಳವಾಗಿ. ಆದ್ರೆ ಟೂರ್ನಿಗೆ ಕಳಿಸಿದ ಹತ್ತು ಹೆಸರಲ್ಲಿ ಅವನದಿರಲಿಲ್ಲ. ಹಾಜರಿ ಕಮ್ಮಿ ಅಂತ ಪಿ.ಟಿ. ಮೇಷ್ಟ್ರು ಬಿಟ್ಟಿದ್ರು. ಪಟ್ಟೀಲಿ ಇಲ್ಲದವನು ಆಡಿದ ಅಂದ್ರೆ ಆ ಪಂದ್ಯ ನಾವು ಸೋತ ಹಾಗೆ. ಬರೆದು, ಹಾಗೇ ಆ ಕಪ್ಪನ್ನೂ ಹೊತ್ಕೊಂಡು ಹೋಗಿ ಎದುರಾಳಿ ಕಾಲೇಜಿಗೆ ಕೊಟ್ಟುಬನ್ನಿ."

ಅತ್ತ ದರಿ, ಇತ್ತ ಪುಲಿ. ಮೇಷ್ಟ್ರು ಮನೆಗೆ ಬಂದು ಇದ್ದದ್ದನ್ನು ಇದ್ದಂತೆ ಹೇಳಿದರು. ಮಾವ ಬಹಳ ಹೊತ್ತು ಕನ್ನಡಕ ಒರೆಸಿದರು. ನಲವತ್ತೊಂದು ವರ್ಷಗಳಲ್ಲಿ ಈ ಲೆಕ್ಕ ಅವರಿಗೆ ಹೊಳೆದೇ ಇರಲಿಲ್ಲ.

"ಅಂದ್ರೆ ಗೆಲ್ಸಿದ್ದೂ ನಾನೇ, ಸೋಲ್ಸೋದೂ ನಾನೇ."

"ಬರೀತೀನಿ ಮಾವ. ನೀವು ಹೂಂ ಅಂದ್ರೆ ಸಾಕು."

"ಏನು ಹೂಂ ಅನ್ನೋದು? ಆ ಹತ್ತು ಜನರಲ್ಲಿ ಆರು ಜನ ಇನ್ನೂ ಇದ್ದಾರೆ. ಮೊಮ್ಮಕ್ಕಳ ಮುಂದೆ ಅವರಿಗಿರೋದು ಅದೊಂದೇ ಕಪ್ಪು." ಕನ್ನಡಕ ಏರಿಸಿಕೊಂಡರು. "ಹಾಳಾಗ್ಲಿ, ಕ್ಯಾಪ್ಟನ್ನನ ಹೆಸರೇ ಇರಲಿ. ಬ್ಯಾಸ್ಕೆಟ್ಟನ್ನಾದ್ರೂ ಸರಿಯಾಗಿ ಬರೀರಿ. ಎಡಗಡೆಯಿಂದ, ಎರಡು ಹೆಜ್ಜೆ ಹಿಂದೆ ಸರಿದು. ಬೋರ್ಡು ಮುಟ್ಟಲಿಲ್ಲ, ರಿಂಗೂ ಮುಟ್ಟಲಿಲ್ಲ. ಬಲೆ ಮಾತ್ರ ಅಲ್ಲಾಡ್ತು."

"ಅಪ್ಪ, ಅವರಿಗೆ ಯಾಕೆ ಅಷ್ಟು ಚೆಂದದ ಬ್ಯಾಸ್ಕೆಟ್ಟು?" ಎಂದಳು ಹೆಂಡತಿ.

"ಅವರಿಗಲ್ಲಮ್ಮ. ಬ್ಯಾಸ್ಕೆಟ್ಟಿಗೆ."

ಮೇಷ್ಟ್ರು ಕೂತು ಬರೆದರು. ಐವತ್ತು ವರ್ಷಗಳ ಚರಿತ್ರೆಯಲ್ಲಿ ಅವರಿಗೆ ತೃಪ್ತಿ ಕೊಟ್ಟದ್ದು ಆ ಒಂದು ಪ್ಯಾರಾ. ಮಾವ ಅದನ್ನು ಎರಡು ಸಲ ಓದಿಸಿ ಕೇಳಿ, "ಎರಡು ಹೆಜ್ಜೆ, ಒಂದೂವರೆ ಅಲ್ಲ," ಎಂದು ತಿದ್ದಿಸಿದರು.

ಚರಿತ್ರೆ ಸೇರಿದ್ದ ಐವತ್ತರ ನೆನಪಿನ ಸಂಚಿಕೆ ಅಚ್ಚಾಗಿ ಬಂತು. ಗಣ್ಯರ ಶುಭಾಶಯಗಳೇ ಹನ್ನೆರಡು ಪುಟ. ಅವುಗಳಿಗೆ ಜಾಗ ಮಾಡಲು ಸಂಪಾದಕರು ಚರಿತ್ರೆಯನ್ನು ಚೆನ್ನಾಗಿ ಹಿಂಡಿದ್ದರು. ಮೇಷ್ಟ್ರು ಫೋನಿನಲ್ಲಿ ಸಂಪಾದಕರನ್ನು ಗದರಿದರೆ, "ಸಾರ್, ಒಂದು ಬ್ಯಾಸ್ಕೆಟ್ಟಿಗೆ ಎಂಟು ಸಾಲಾ? ಹವಾಮಾನ ಎಲ್ಲಾ ಹಾಗೇ ಇಟ್ಟಿದೀನಲ್ಲ," ಎಂಬ ಉತ್ತರ ಬಂತು.

ಮಾವ ಆ ಪುಟ ತೆರೆದು ಕಿಟಕಿಯ ಬೆಳಕಿಗೆ ಹಿಡಿದರು. ಪಂದ್ಯದ ಬಗ್ಗೆ ಒಂದೇ ವಾಕ್ಯ ಉಳಿದಿತ್ತು: ಕೊನೆಯ ನಿಮಿಷದಲ್ಲಿ ಎರಡು ಅಂಕ ಬಂದು ತಂಡ ಜಯಶಾಲಿಯಾಯಿತು. ಕ್ಯಾಪ್ಟನ್ನನ ಹೆಸರೂ ಇರಲಿಲ್ಲ.

"ಅಂಕ ಬಂದವಂತೆ," ಎಂದರು. ಪುಸ್ತಕ ಮಡಚಿ ಅಳಿಯನ ಕೈಗಿಟ್ಟರು. "ಮೂವತ್ತು ವರ್ಷ ಡಿಪೋ ಬಾಗಿಲಲ್ಲಿ ನಿಂತಿದ್ದೆ ಅಳಿಯಂದ್ರೇ. ಬಸ್ಸು ಕೂಡ ತಾನಾಗೇ ಬರಲ್ಲ."