ಕೆಂಪು ಕಪ್ಪಿನಲ್ಲಿ ಸೆರ್ವಾ

"ನೋಡಮ್ಮ ಕೊನಾಡು, ಇಡೀ ಕುಮಾಸಿ ಊರು ನಮ್ಮನ್ನೇ ನೋಡ್ತಾ ಇದೆ!" ಎಂದು ಆಂಪಾಡು ಸಾರ್ ಫೋನನ್ನು ಅವಳ ಮೂಗಿಗೇ ಹಿಡಿದರು. ಅಲ್ಲಿನ ಖಾಸಗಿ ಕಾಲೇಜೊಂದರ ಪ್ರಚಾರ ವಿಭಾಗವೆಂದರೆ ಅವರಿಬ್ಬರೇ. ಫೇಸ್‌ಬುಕ್ಕಿಗೆ ನೀಲಿ ಬಣ್ಣದ ಜಾಹೀರಾತು ಹಾಕಿ ಹಾಕಿ ಸಾಕಾಗಿತ್ತು, ಒಂದು ನರಪಿಳ್ಳೆಯೂ ತಿರುಗಿ ನೋಡಿರಲಿಲ್ಲ. ಕಣ್ಣಿಗೆ ಹೊಡೆಯುವ ಬಣ್ಣ ಬೇಕೆಂದು ಸಾರ್ ಹಠ ಹಿಡಿದು ಈ ಸಲ ಕೆಂಪು ಕಪ್ಪು ಹಾಕಿಸಿದ್ದರು. ನಡುವೆ ಹಳೆಯ ವಿದ್ಯಾರ್ಥಿನಿ ಸೆರ್ವಾ, ಪದವಿಯ ಗೌನು ತೊಟ್ಟು ನಗುತ್ತಿದ್ದಳು.

ಕೊನಾಡು ಕೆಳಗೆ ಜನ ಬರೆದದ್ದನ್ನು ಓದಿದಳು. 'ಅಯ್ಯೋ, ಇಷ್ಟು ಚಿಕ್ಕ ವಯಸ್ಸಿಗೆ!' 'ನೆಮ್ಮದಿಯಾಗಿ ಮಲಗು ತಂಗಿ.' 'ಮಣ್ಣು ಯಾವ ಶನಿವಾರ?' ಆ ಊರಲ್ಲಿ ಮಣ್ಣು ಮಾಡುವುದು ಶನಿವಾರವೇ. ಊರಿನ ಕರೆಂಟು ಕಂಬಗಳಿಗೆಲ್ಲ ಅಂಟಿಸುವ ಸಾವಿನ ಪೋಸ್ಟರಿನದೂ ಇದೇ ಬಣ್ಣ, ಇಂಥದೇ ನಗುಮುಖ. ನಿನ್ನೆ ಚಿತ್ರ ಮಾಡುವಾಗಲೇ ಅವಳಿಗೆ ಹಾಗನ್ನಿಸಿತ್ತು. ಕೆಲಸ ಇನ್ನೂ ಖಾಯಂ ಆಗಿಲ್ಲ, ನನಗ್ಯಾಕೆ ಇಲ್ಲದ ಉಸಾಬರಿ ಎಂದು ಬಾಯಿ ಮುಚ್ಚಿಕೊಂಡಿದ್ದಳು.

"ಸಾರ್, ಸೆರ್ವಾ ತೀರಿಹೋದ್ಲು ಅಂದ್ಕೊಂಡಿದಾರೆ. ತೆಗೆದುಬಿಡ್ತೀನಿ."

"ತಲೆ ಕೆಟ್ಟಿದೆಯಾ ನಿನಗೆ? ಅಂದ್ಕೊಳ್ಲಿ ಬಿಡು. ಕಾಲೇಜಿನ ಹೆಸರು ಓದ್ತಾರೋ ಇಲ್ವೋ? ಅದನ್ನ ಮುಟ್ಟಿದ್ರೆ ನಾಳೆಯಿಂದ ಬರಬೇಡ."

ಅವಳು ಮುಟ್ಟಲಿಲ್ಲ. ದೂರದ ತಮಾಲೆ ಊರಿನ ಆಸ್ಪತ್ರೆಯಲ್ಲಿ ನರ್ಸಾಗಿದ್ದ ಸೆರ್ವಾಳಿಗೆ ಫೋನು ಮಾಡಿದಳು. ಸ್ವಿಚ್ ಆಫ್.

ಮಧ್ಯಾಹ್ನದ ಹೊತ್ತಿಗೆ ಹಳ್ಳಿಯಿಂದ ಸೆರ್ವಾಳ ತಾಯಿ ಫ್ರೆಮಾ ಬಾಡಿಗೆ ವ್ಯಾನು ಹತ್ತಿ ಕಾಲೇಜಿಗೆ ಬಂದೇಬಿಟ್ಟಳು. ಮೈಮೇಲೆ ಸೂತಕದ ಕಪ್ಪು ಬಟ್ಟೆ, ತಲೆಗೆ ಕೆಂಪು ವಸ್ತ್ರ. ಅತ್ತೂ ಅತ್ತೂ ದನಿಯೇ ಬಿದ್ದುಹೋಗಿತ್ತು.

"ಪಕ್ಕದ ಮನೆಯವಳು ಫೋನಲ್ಲಿ ತೋರಿಸಿದ್ಲು. ನನ್ನ ಮಗೂನ ಯಾವ ಶವಾಗಾರದಲ್ಲಿ ಇಟ್ಟಿದೀರಾ? ಹೆತ್ತವಳಿಗಿಂತ ಮೊದಲು ಊರಿಗೆಲ್ಲ ಹೇಳಿಬಿಟ್ರಲ್ಲಾ!"

"ಅಮ್ಮಾ, ಅವಳು ಬದುಕಿದಾಳೆ. ಅದು ಬರೀ ಜಾಹೀರಾತು."

"ಸಮಾಧಾನಕ್ಕೆ ಸುಳ್ಳು ಹೇಳ್ಬೇಡ ಮಗಳೇ. ಬದುಕಿದ್ರೆ ಫೋನ್ ಯಾಕೆ ಎತ್ತಲ್ಲ?"

ಕೊನಾಡುವಿಗೆ ನಾಚಿಕೆಯಿಂದ ಭೂಮಿಗೆ ಇಳಿದುಹೋದಂತಾಯಿತು. ಮುದುಕಿಯ ಪಕ್ಕ ನೆಲದ ಮೇಲೇ ಕುಳಿತು, ಮತ್ತೆ ಮತ್ತೆ ಅದೇ ನಂಬರು ಒತ್ತಿದಳು. ಕೊನೆಗೂ ರಿಂಗಾಯಿತು.

"ಯಾರ್ರೀ ಅದು? ರಾತ್ರಿಯೆಲ್ಲ ಡ್ಯೂಟಿ ಮಾಡಿ ಬಂದಿದೀನಿ, ಕಣ್ಣು ಮುಚ್ಚೋಕೂ ಬಿಡಲ್ವಾ?"

ಫ್ರೆಮಾ ಫೋನನ್ನು ಎರಡೂ ಕೈಯಲ್ಲಿ ಬಾಚಿಕೊಂಡಳು. "ಬೈಯೇ ನನ್ನವ್ವಾ, ಇನ್ನೂ ಬೈಯಿ!" ಎಂದು ಬಿಕ್ಕಿ ಬಿಕ್ಕಿ ಅತ್ತಳು. ಕೊನಾಡುವೂ ಅತ್ತಳು.

ಆ ಸದ್ದಿಗೆ ಆಂಪಾಡು ಸಾರ್ ಹೊರಗೆ ಬಂದರು. ಸಂಗತಿ ತಿಳಿದುಕೊಂಡರು. ಆಮೇಲೆ ಅವರ ಮುಖ ಅರಳಿತು.

"ಅಮ್ಮಾ, ಒಂದು ಮಾತು ಹೇಳ್ಬಿಡಿ. ನನ್ನ ಮಗಳು ಬದುಕಿದಾಳೆ, ಇದೇ ಕಾಲೇಜಲ್ಲಿ ಓದಿ ನರ್ಸಾಗಿದಾಳೆ ಅಂತ. ಕೊನಾಡು, ವಿಡಿಯೊ ಮಾಡು. ಬೇಗ, ಕಣ್ಣೀರು ಆರೋಕೆ ಮುಂಚೆ."

ಕೊನಾಡು ಅವರ ಮುಖ ನೋಡಿದಳು. ಫ್ರೆಮಾಳ ಕೈಯಿಂದ ಫೋನು ತೆಗೆದುಕೊಂಡು ಎತ್ತಿ ಹಿಡಿದಳು.

ಫ್ರೆಮಾಳಿಗೆ ಆಗ ಯಾರು ಏನು ಹೇಳಿದರೂ ಮಾಡುವಷ್ಟು ಸಂತೋಷ. ಗೋಡೆಗೆ ಬೆನ್ನು ಕೊಟ್ಟು ನೆಟ್ಟಗೆ ನಿಂತು, ಕೆಂಪು ತಲೆವಸ್ತ್ರವನ್ನು ಸರಿಮಾಡಿಕೊಂಡಳು.

"ನಗಬೇಕಾ ಮಗಳೇ?" ಎಂದು ಕೇಳಿದಳು.

ಕೊನಾಡು ಹೂಂ ಎಂದಳು.