ಇನ್ನೂರೈವತ್ನಾಲ್ಕರ ದೀಪ

ಅತ್ತೆಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಲಾಂಡ್ರಿಯ ಹೆಂಗಸರು ಹೇಳುವುದುಂಟು. ಅದು ಸುಳ್ಳು. ಅವಳ ಕೋಪಕ್ಕೆ ಮೂಗಿನವರೆಗೆ ಹೋಗಿ ಕಾಯುವಷ್ಟು ತಾಳ್ಮೆ ಎಲ್ಲಿಯದು? ನೇರ ಬಾಯಿಗೇ ಬರುತ್ತದೆ. ಆ ಬುಧವಾರ ಬೆಳಿಗ್ಗೆಯೂ ಹಾಗೇ ಬಂತು, ಅದೂ ಲಾಂಡ್ರಿಯ ಅಷ್ಟೂ ಜನರ ಎದುರಿಗೆ, ಸ್ವಂತ ಸೊಸೆಯ ಮೇಲೆ.

ಸೊಸೆ ಕೆಲಸಕ್ಕೆ ಸೇರಿದ್ದು ಸೋಮವಾರ. ಅಂದಿನಿಂದ ಈ ಹೆಂಗಸು ಇಡೀ ಲಾಂಡ್ರಿಗೇ ಅತ್ತೆಯಾಗಿಬಿಟ್ಟಿದ್ದಳು. ಅವಳಿಗಿಂತ ಹಿರಿಯರೂ ಬೇಕೆಂದೇ ಹಾಗೆ ಕರೆದು ನಗುತ್ತಿದ್ದರು. ಹೋಟೆಲುಗಳಿಂದ ಬರುವ ಹಾಸಿಗೆ ಬಟ್ಟೆಗಳನ್ನು ಒಗೆದು, ಒಣಗಿಸಿ, ಇಸ್ತ್ರಿ ಮಾಡಿ ಕಳಿಸುವ ಜಾಗ ಅದು. ಮೂಲೆಯಲ್ಲೊಂದು ಕತ್ತಲೆ ಕೋಣೆ. ಒಗೆದ ಬಟ್ಟೆಯನ್ನು ಅಲ್ಲಿ ನೇರಳೆ ದೀಪದ ಕೆಳಗೆ ಹರಡಿದರೆ ಬಟ್ಟೆ ಹಾಲಿನಂತೆ ಹೊಳೆಯುತ್ತದೆ, ಉಳಿದ ಕಲೆ ಮಾತ್ರ ಕಪ್ಪಗೆ ಕಾಣುತ್ತದೆ. ಮೇಜಿನ ಸುತ್ತ ನಾಲ್ವರು ಕೂತು ಕಲೆ ಹುಡುಕುತ್ತಾರೆ. ಅದರಲ್ಲಿ ಅತ್ತೆಯೇ ಮುಖ್ಯಸ್ಥೆ. ತನ್ನ ಪಕ್ಕದ ಜಾಗವನ್ನು ಮ್ಯಾನೇಜರನ ಬೆನ್ನು ಬಿದ್ದು ಸೊಸೆಗೆ ಕೊಡಿಸಿದ್ದಳು.

ಈಗ ಆ ಸೊಸೆ ಗೋಡೆ ಹಿಡಿದು ನಿಂತಿದ್ದಳು. ಕಣ್ಣು ಊದಿ ಮುಚ್ಚಿಹೋಗಿತ್ತು, ನೀರು ಧಾರಾಕಾರ ಸುರಿಯುತ್ತಿತ್ತು. ಕಣ್ಣಲ್ಲಿ ಮರಳು ತುಂಬಿ ಉಜ್ಜಿದ ಹಾಗಿದೆ ಎಂದು ನರಳುತ್ತಿದ್ದಳು. ಕೋಣೆಯ ಇನ್ನಿಬ್ಬರದೂ ಅದೇ ಪಾಡು.

"ಇದು ಅಂಟುರೋಗ," ಎಂದ ಮ್ಯಾನೇಜರ್. ಅಂಗಿಯ ಒಂದು ಮಡಿಕೆಯೂ ಕದಲದ ಈ ಮನುಷ್ಯನಿಗೆ ಹೆಂಗಸರು ಇಟ್ಟಿದ್ದ ಹೆಸರು ಇಸ್ತ್ರಿಪೆಟ್ಟಿಗೆ. "ಈಕೆ ಬರೋಕೆ ಮುಂಚೆ ಯಾರಿಗಾದ್ರೂ ಇತ್ತಾ? ಇನ್ನಿಬ್ಬರಿಗೂ ಅಂಟಿಸಿದಾಳೆ. ನಾಳೆಯಿಂದ ಬರೋದು ಬೇಡ."

ಸೊಸೆ ಕಣ್ಣು ಮುಚ್ಚಿಕೊಂಡೇ ಹೇಳಿದಳು: "ಸೋಮವಾರ ಸಂಜೆ ಹೊಸ ಟ್ಯೂಬ್ ಹಾಕಿದ್ರಲ್ಲ ಸರ್. ಅದರಿಂದ ಇರಬಹುದು."

"ಟ್ಯೂಬಾ? ಹಳೇದು ತಲೆನೋವು ಬರಿಸುತ್ತೆ, ಬೆಳಕು ಕಡಿಮೆ ಇರೋದು ತರಿಸಿ ಅಂತ ನಿಮ್ಮತ್ತೇನೇ ಕೇಳಿದ್ದು. ಹಳೇದರ ಮೇಲೆ ಮುನ್ನೂರರವತ್ತೈದು ಅಂತಿತ್ತು. ಹುಡುಕಿ ಹುಡುಕಿ ಇನ್ನೂರೈವತ್ನಾಲ್ಕರದ್ದು ತರಿಸಿದೀನಿ. ನೂರಕ್ಕಿಂತ ಜಾಸ್ತಿ ಇಳಿಸಿದೀನಿ ಗೊತ್ತಾ?"

ಆಗ ಅತ್ತೆ ಬಾಯಿ ಬಿಟ್ಟಳು. ಶಿಫಾರಸು ಮಾಡಿದವಳು ತಾನು, ಮೂರೇ ದಿನಕ್ಕೆ ಮಾನ ಹೋಯಿತಲ್ಲ ಎಂದು ಅವಳ ಮೈ ಉರಿಯುತ್ತಿತ್ತು. "ದೀಪಕ್ಕೇನೇ ಬಂದಿದೆ ಧಾಡಿ? ನಿನ್ನ ಮಗ್ಗುಲಲ್ಲೇ ಕೂತಿಲ್ವಾ ನಾನು? ನನ್ನ ಕಣ್ಣು ನೋಡು, ಏನಾಗಿದೆ? ತವರಿಂದ ಬರಿಗೈಲಿ ಬರಬಾರದು ಅಂತ ಈ ರೋಗ ಹೊತ್ಕೊಂಡು ಬಂದ್ಯಾ?"

ಯಾರೋ ಕಿಸಕ್ಕೆಂದರು.

ಕಣ್ಣು ಕಾಣದವಳನ್ನು ಒಬ್ಬಳೇ ಕಳಿಸಲಾಗದೆ ಅತ್ತೆಯೇ ಕೈ ಹಿಡಿದು ಕಣ್ಣಿನ ಆಸ್ಪತ್ರೆಗೆ ನಡೆಸಿಕೊಂಡು ಹೋದಳು. ದಾರಿಯುದ್ದಕ್ಕೂ ಬೈದಳು. ರಸ್ತೆ ದಾಟುವಾಗ ಮಾತ್ರ ಬೈಗುಳ ನಿಲ್ಲಿಸಿ, ಆಚೆ ಸೇರಿದ ಮೇಲೆ ಬಿಟ್ಟಲ್ಲಿಂದಲೇ ಶುರು ಮಾಡಿದಳು.

ಡಾಕ್ಟರಮ್ಮ ಸೊಸೆಯ ಕಣ್ಣಿಗೆ ಎರಡು ಹನಿ ಮದ್ದು ಬಿಟ್ಟು, ಕಣ್ಣನ್ನು ಅಗಲಿಸಿ ನೋಡಿ, "ವೆಲ್ಡಿಂಗ್ ಕೆಲಸ ಮಾಡ್ತೀಯೇನಮ್ಮ?" ಎಂದು ಕೇಳಿದರು.

"ಬಟ್ಟೆ ಒಗೆಯೋರು ನಾವು," ಎಂದಳು ಅತ್ತೆ. "ಅಂಟುರೋಗ ಅಂದ್ರು."

"ಯಾರು ಅಂದಿದ್ದು? ಇದು ಸುಟ್ಟಿರೋದು. ಬಿಸಿಲಿಗೆ ಚರ್ಮ ಸುಡುತ್ತಲ್ಲ, ಹಾಗೆ ಕಣ್ಣಿನ ಮೇಲಿನ ಪದರ ಸುಟ್ಟಿದೆ. ಎಂಥ ದೀಪದ ಕೆಳಗೆ ಕೂರ್ತೀರಿ?"

ಅತ್ತೆ ಹೇಳಿದಳು. ಮುನ್ನೂರರವತ್ತೈದನ್ನು ಇನ್ನೂರೈವತ್ನಾಲ್ಕಕ್ಕೆ ಇಳಿಸಿದ್ದನ್ನೂ ಹೇಳಿದಳು. ಡಾಕ್ಟರಮ್ಮ ಕೈಯಲ್ಲಿದ್ದ ಟಾರ್ಚನ್ನು ಮೇಜಿನ ಮೇಲೆ ಕುಕ್ಕಿದರು.

"ಇಳಿಸಿದ್ದಾ? ಅದು ಬೆಳಕು ಎಷ್ಟಿದೆ ಅನ್ನೋ ಲೆಕ್ಕ ಅಲ್ಲಮ್ಮ. ಅಲೆ ಎಷ್ಟು ಉದ್ದ ಅನ್ನೋ ಲೆಕ್ಕ. ರೇಡಿಯೋ ಅಲೆ ಈ ಕೋಣೆಯಷ್ಟು ಉದ್ದ ಇರುತ್ತೆ, ನಿಮ್ಮನ್ನ ದಾಟಿ ಹೋದ್ರೂ ಗೊತ್ತಾಗಲ್ಲ. ಮೈಕ್ರೋವೇವ್ ಒಲೆಯದು ಅಂಗೈಯಷ್ಟು. ಕಣ್ಣಿಗೆ ಕಾಣೋ ಬೆಳಕಿನದು ಕೂದಲ ದಪ್ಪಕ್ಕಿಂತ ಎಷ್ಟೋ ಸಣ್ಣ. ಅದರಲ್ಲೂ ಕೆಂಪಿನದು ಉದ್ದ, ನೇರಳೇದು ಗಿಡ್ಡ. ನೇರಳೆಗಿಂತ ಗಿಡ್ಡ ಆದ್ರೆ ಕಾಣೋದೇ ಇಲ್ಲ, ನಿಮ್ಮ ಹಳೇ ದೀಪ ಅಲ್ಲೇ ಅಂಚಿನಲ್ಲಿತ್ತು. ಇನ್ನೂ ಗಿಡ್ಡ ಆದಷ್ಟೂ ಏಟು ಜೋರು. ಎಕ್ಸ್-ರೇ ಇವೆಲ್ಲಕ್ಕಿಂತ ಗಿಡ್ಡ ಅಂತಲೇ ಮೈಯೊಳಗೆ ನುಗ್ಗುತ್ತೆ. ಚಮಚದಲ್ಲಿ ಒತ್ತೋದಕ್ಕೂ ಸೂಜೀಲಿ ಒತ್ತೋದಕ್ಕೂ ವ್ಯತ್ಯಾಸ ಇಲ್ವಾ? ಇನ್ನೂರೈವತ್ನಾಲ್ಕು ಅಂದ್ರೆ ಕ್ರಿಮಿ ಕೊಲ್ಲೋ ದೀಪ, ಜನ ಇರೋ ಕಡೆ ಹಚ್ಚಲೇಬಾರದು. ಕೂತಾಗ ಏನೂ ಅನ್ನಿಸಲ್ಲ, ಎಷ್ಟೋ ಗಂಟೆ ಆದ್ಮೇಲೆ ಉರಿ ಶುರುವಾಗುತ್ತೆ."

"ಮತ್ತೆ ನನಗ್ಯಾಕೆ ಏನೂ ಆಗಲಿಲ್ಲ?" ಅತ್ತೆಯ ಸ್ವರದಲ್ಲಿ ಇನ್ನೂ ಜಗಳವಿತ್ತು.

"ಕನ್ನಡಕ ತೆಗೀರಿ." ಡಾಕ್ಟರಮ್ಮ ಕನ್ನಡಿಯೊಂದನ್ನು ಅವಳ ಮುಖಕ್ಕೆ ಹಿಡಿದರು.

ಕೆನ್ನೆ, ಹಣೆ, ಮೂಗು ಬೆಂದ ಹಾಗೆ ಕೆಂಪಾಗಿದ್ದವು. ಇಸ್ತ್ರಿ ಯಂತ್ರದ ಹಬೆ ತಾಕಿದ್ದೆಂದು ಅವಳು ಅದನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಕಣ್ಣಿನ ಸುತ್ತ ಮಾತ್ರ ಕನ್ನಡಕದ ಅಳತೆಗೆ ಸರಿಯಾಗಿ ಎರಡು ಬಿಳಿ ಬಿಲ್ಲೆಗಳು.

"ಆ ಗಿಡ್ಡ ಅಲೆ ಗಾಜು ದಾಟಲ್ಲ," ಎಂದರು ಡಾಕ್ಟರಮ್ಮ. "ನಿಮ್ಮದು ಉಳೀತು. ಇವಳದ್ದೂ ಮೂರ್ನಾಲ್ಕು ದಿನಕ್ಕೆ ವಾಸಿಯಾಗುತ್ತೆ. ಆದ್ರೆ ಮತ್ತೆ ಆ ದೀಪದ ಕೆಳಗೆ ಕೂರಿಸಬೇಡಿ."

ವಾಪಸು ಬರುವಾಗ ಅತ್ತೆ ದಾರಿಯುದ್ದಕ್ಕೂ ಸೊಸೆಯ ಕೈ ಬಿಗಿಯಾಗಿ ಹಿಡಿದಿದ್ದಳು. ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡ ಸೊಸೆಯನ್ನು ಲಾಂಡ್ರಿಯ ಬಾಗಿಲ ಬಳಿ ಸ್ಟೂಲಿನ ಮೇಲೆ ಕೂರಿಸಿ, ಸೀದಾ ಮ್ಯಾನೇಜರನ ಮುಂದೆ ನಿಂತಳು. ಬಿಸಿ ಎಣ್ಣೆಗೆ ಬಿದ್ದ ಸಾಸಿವೆಯ ಹಾಗೆ ಸಿಡಿದಳು. ಅಂಟುರೋಗವಲ್ಲ, ಸುಟ್ಟಿದ್ದು, ಸುಟ್ಟಿದ್ದು ನಿಮ್ಮ ದೀಪ, ಸಂಖ್ಯೆ ಇಳಿದರೆ ಏಟು ಏರುತ್ತದೆ. ಯಂತ್ರಗಳ ಹತ್ತಿರ ಇದ್ದವರೆಲ್ಲ ತಿರುಗಿ ನೋಡಿದರು.

ಮ್ಯಾನೇಜರ್ ನಕ್ಕ. "ಕಡಿಮೆ ಇರೋದು ಜಾಸ್ತಿ ಅಂತೆ! ಆಯ್ತು, ನಾನೇ ಸಂಜೆವರೆಗೂ ಆ ದೀಪದ ಕೆಳಗೆ ಕೂರ್ತೀನಿ. ನಾಳೆ ನನ್ನ ಕಣ್ಣು ಸರಿ ಇದ್ರೆ ನಿಮ್ಮ ಸೊಸೆ ಮನೇಲಿರಲಿ. ಒಪ್ಪಿಗೇನಾ?"

ಅವನು ನಿಜಕ್ಕೂ ಕತ್ತಲೆ ಕೋಣೆಗೆ ಹೋಗಿ ಕೂತ. ಬೆನ್ನು ನೆಟ್ಟಗೆ, ಕೈ ಮೇಜಿನ ಮೇಲೆ. ಸ್ವಿಚ್ ಹಾಕಲು ಅತ್ತೆಗೆ ಸನ್ನೆ ಮಾಡಿದ. ಅತ್ತೆಗೆ ಅವನು ಸುಡಲಿ ಎನ್ನಿಸಿತು. ಚೆನ್ನಾಗಿ ಸುಡಲಿ, ಅಂಗಿಯ ಇಸ್ತ್ರಿಯ ಸಮೇತ ಎನ್ನಿಸಿತು. ಸ್ವಿಚ್ಚಿನ ಮೇಲೆ ಬೆರಳಿಟ್ಟವಳು ಅವನ ಮುಖ ನೋಡಿ ಕೈ ಹಿಂದಕ್ಕೆಳೆದುಕೊಂಡಳು. ಅವನ ಮೂಗಿನ ಮೇಲೂ ಕನ್ನಡಕ ಕೂತಿತ್ತು.

"ಕನ್ನಡಕ ತೆಗೆದಿಟ್ಟು ಕೂತ್ಕೊಳ್ಳಿ."

"ಯಾಕೆ?"

"ಗಾಜು ಆ ಅಲೇನ ತಡೆಯುತ್ತೆ ಅಂದ್ರು ಡಾಕ್ಟರಮ್ಮ. ಅವರು ಮೂವರೂ ಬರಿಗಣ್ಣಲ್ಲಿ ಕೂತಿದ್ರು. ನೀವೂ ಹಾಗೇ ಕೂತ್ಕೊಳ್ಳಿ. ಏನೂ ಆಗಲ್ಲ ಅಂತೀರಲ್ಲ, ತೆಗೀರಿ. ಆಮೇಲೆ ನಾನೇ ದೀಪ ಹಾಕ್ತೀನಿ."

ಅವನ ಕೈ ಕನ್ನಡಕದವರೆಗೆ ಹೋಯಿತು. ಅಲ್ಲೇ ನಿಂತಿತು. ಬಾಗಿಲಲ್ಲಿ ಹೆಂಗಸರು ಗುಂಪುಗೂಡಿದ್ದರು, ಯಾರೂ ನಗಲಿಲ್ಲ. ಅವನು ಕನ್ನಡಕವನ್ನು ಇನ್ನಷ್ಟು ಮೇಲಕ್ಕೆ ಒತ್ತಿಕೊಂಡು ಎದ್ದು ನಿಂತ.

"ಸರಿ, ಟ್ಯೂಬ್ ತೆಗೆಸ್ತೀನಿ. ಅದಕ್ಕೆ ಇಷ್ಟು ರಂಪ ಯಾಕೆ? ನಿಮ್ಮ ಸೊಸೆ ಬರಲಿ, ಬೇಡ ಅಂದೋರ್ಯಾರು?" ಹೊರಗೆ ಹೋಗುತ್ತ ತಿರುಗಿದ. "ಬೆಳಿಗ್ಗೆ ಅವಳು ದೀಪ ದೀಪ ಅಂದಾಗ ದೀಪಕ್ಕೇನೂ ಆಗಿಲ್ಲ ಅಂತ ಸಾಕ್ಷಿ ಹೇಳಿದ್ದು ನಾನಲ್ಲ. ನೀವು."

ಅತ್ತೆಗೆ ಕಪಾಳಕ್ಕೆ ಬಿಗಿದ ಹಾಗಾಯಿತು. ಅವಳಿಗೆ ಅವನನ್ನು ಕಂಡು ಮೈ ಉರಿಯಿತು, ಅವನು ಹೇಳಿದ್ದು ನಿಜ ಎನ್ನುವುದಕ್ಕೆ ಇನ್ನೂ ಹೆಚ್ಚು ಉರಿಯಿತು.

ಸ್ಟೂಲಿನ ಬಳಿ ಬಂದು ಸೊಸೆಯ ಕೈ ಹಿಡಿದಳು. "ಏಳು, ಮನೆಗೆ ಹೋಗೋಣ. ಕೆಲಸ ಉಳೀತು."

ಸೊಸೆ ಕೈ ಬಿಡಿಸಿಕೊಂಡಳು. ಮದುವೆಯಾಗಿ ಬಂದಾಗಿನಿಂದ ಅತ್ತೆಗೆ ಒಂದು ಎದುರು ಮಾತೂ ಆಡದವಳು ಅವಳು. "ಕೇಳಿಸ್ತು. ನನ್ನ ಕಣ್ಣು ತಾನೇ ಹೋಗಿರೋದು, ಕಿವಿ ಅಲ್ಲ. ಬೆಳಿಗ್ಗೆ ಎಲ್ಲರ ಎದುರಿಗೆ ಅಂದ್ರಿ. ಯಾರೋ ನಕ್ಕರು. ಯಾರು ಅಂತ ನೋಡೋಕೂ ಆಗಲಿಲ್ಲ ನನಗೆ."

"ಮನೇಲಿ ಮಾತಾಡೋಣ ಬಾ."

"ಮನೇಲಿ ಬೈದಿದ್ರೆ ಮನೇಲಿ ಮಾತಾಡಬಹುದಿತ್ತು ಅತ್ತೆ."

ಅತ್ತೆ ಸುತ್ತ ನೋಡಿದಳು. ಒಗೆಯುವ ಯಂತ್ರಗಳು ಗಡಗಡ ಅನ್ನುತ್ತಿದ್ದವು. ಹೆಂಗಸರು ಬಟ್ಟೆ ಮಡಚುವ ನೆಪದಲ್ಲಿ ಕಿವಿಯನ್ನು ಇತ್ತಲೇ ಇಟ್ಟಿದ್ದರು. ಈ ಹುಡುಗಿಗೆ ಎಷ್ಟು ಸೊಕ್ಕು ಎಂದು ಅವಳಿಗೆ ಕೋಪ ಬಂತು. ಕೋಪ ಬಾಯಿಗೆ ಬರುವಷ್ಟರಲ್ಲಿ ಆ ಬಿಳಿ ಪಟ್ಟಿಯ ಕೆಳಗಿಂದ ನೀರು ಇಳಿಯುವುದು ಕಂಡಿತು.

"ತಪ್ಪು ನಂದು," ಎಂದಳು. "ಇವಳು ಯಾವ ರೋಗಾನೂ ತಂದಿಲ್ಲ. ಬೆಳಿಗ್ಗೇನೇ ಸರಿಯಾಗಿ ಹೇಳಿದ್ಲು. ನಾನೇ ಬಾಯಿ ಮುಚ್ಚಿಸಿದ್ದು."

ಸೊಸೆ ತಲೆಯನ್ನು ಯಂತ್ರಗಳ ಸದ್ದಿನ ಕಡೆಗೆ ತಿರುಗಿಸಿದಳು.

"ಅಲ್ಲಿ ಹಿಂದೆ ಇರೋರಿಗೆ ಕೇಳಿಸಿರಲ್ಲ," ಎಂದಳು. "ಬೆಳಿಗ್ಗೆ ಇದಕ್ಕಿಂತ ಜೋರಾಗಿತ್ತು ನಿಮ್ಮ ಗಂಟಲು."

ಅತ್ತೆ ಉಸಿರೆಳೆದುಕೊಂಡು, ಇಡೀ ಲಾಂಡ್ರಿಗೆ ಕೇಳುವ ಹಾಗೆ ಇನ್ನೊಮ್ಮೆ ಹೇಳಿದಳು.